ಎಡಬದಿಯ ಮನೆಯೊಂದನ್ನು ಬಲಬದಿಗೆ ವರ್ಗಾಯಿಸುವ ಕುರಿತು

ಇಂದ:
ಸಂಶೋಧನಾ ಸಹಾಯಕಿ (ವಿದ್ಯಾರ್ಥಿನಿ),
ರಸ್ತೆಯ ಎಡಬದಿ.

ಗೆ:
ಪ್ರಧಾನ ಸಂಶೋಧಕರು,
ಆರೋಗ್ಯ ಸಮಾನತೆ ಅಧ್ಯಯನ.

ಮೂಲಕ: ಕ್ಷೇತ್ರ ಮೇಲ್ವಿಚಾರಕರು (ಓದದೆ ಕಳುಹಿಸುವುದಾಗಿ ಒಪ್ಪಿದ್ದಾರೆ).

ವಿಷಯ: ಹೊಲಿಗೆ ಕೆಲಸದ ಗರ್ಭಿಣಿಯೊಬ್ಬರ ಮನೆಯನ್ನು, ಗೋಡೆ ಬಾಗಿಲು ಸಮೇತ, ಎಡಬದಿಯಿಂದ ಬಲಬದಿಗೆ ವರ್ಗಾಯಿಸುವಂತೆ ಕೋರಿ.

ಉಲ್ಲೇಖ: (1) ಕೈಪಿಡಿಯ ಸೂಚನೆ: "ಉತ್ತರ ಏನೇ ಬರಲಿ, ಸಹಾಯಕರು ಮುಖಭಾವ ಬದಲಿಸದೆ ಮುಂದಿನ ಪ್ರಶ್ನೆಗೆ ಹೋಗತಕ್ಕದ್ದು."
(2) ಮೇಲ್ವಿಚಾರಕರ ಮೌಖಿಕ ಆದೇಶ: "ಅಷ್ಟೊಂದು ಸಂಕಟ ಆದ್ರೆ ಒಂದು ಅರ್ಜಿ ಬರ್ಕೊಡಮ್ಮ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಬಡವರ ಬಡಾವಣೆಗಳಿಗೂ ಉಳಿದವಕ್ಕೂ ನಡುವೆ ಇರುವ ಆರೋಗ್ಯದ ಅಂತರವನ್ನು ಅಳಿಸುವುದು ಈ ಅಧ್ಯಯನದ ಉದ್ದೇಶ. ಅದಕ್ಕಾಗಿ ಇಲ್ಲಿನ ಒಂದು ರಸ್ತೆಯನ್ನು ಎರಡು ಮಾಡಲಾಗಿದೆ. ಬಲಬದಿಯ ಗರ್ಭಿಣಿಯರ ಮನೆಗೆ ವಾರಕ್ಕೊಮ್ಮೆ ನರ್ಸ್ ಹೋಗಿ ರಕ್ತದೊತ್ತಡ ನೋಡುತ್ತಾರೆ, ಬೇಕಾದರೆ ಮಾತ್ರೆ ಕೊಡಿಸುತ್ತಾರೆ. ಎಡಬದಿಗೆ ವಾರಕ್ಕೊಮ್ಮೆ ನಾನು ಹೋಗಿ ಪ್ರಶ್ನೆ ಕೇಳಿ ಬರುತ್ತೇನೆ. ಕೊನೆಗೆ ಎರಡೂ ಬದಿಗಳನ್ನು ಹೋಲಿಸಲಾಗುವುದು.

2. ನನ್ನನ್ನು ಆರಿಸಿದ್ದು ನನ್ನ ಮೌನಕ್ಕಾಗಿ. "ಮಾತು ಕಮ್ಮಿ, ಒಳ್ಳೇದೇ ಆಯ್ತು" ಎಂದು ಸಂದರ್ಶನದಲ್ಲಿ ತಾವೇ ಹೇಳಿದ್ದಿರಿ. ಮನೆಯಲ್ಲಿ ಅಮ್ಮ ಇದನ್ನು "ಬಾಯಿಗೆ ಬೀಗ" ಎನ್ನುತ್ತಾಳೆ. ಅರ್ಹತೆ ಎಂದು ಮೊದಲು ಕರೆದವರು ತಾವು, ಆ ಕಾರಣ ಋಣಿಯಾಗಿದ್ದೇನೆ.

3. ಸದರಿ ಮನೆಗೆ ಒಂದೇ ಕೋಣೆ. ಬೆಳಕು ಬೀಳುವ ಕಡೆ ಹೊಲಿಗೆ ಯಂತ್ರ, ಹಿಂದೆ ಹಗ್ಗದ ಮೇಲೆ ಹೊಲಿದು ಮುಗಿದ ಶಾಲೆಯ ಅಂಗಿಗಳು. ಸೊಸೆ ಯಂತ್ರ ತುಳಿಯುತ್ತಾರೆ, ಅತ್ತೆ ಗುಂಡಿ ಹಚ್ಚುತ್ತಾರೆ. ಇಂದು ಬೆಳಿಗ್ಗೆ ನಡೆದ ಪ್ರಶ್ನೋತ್ತರ ಹೀಗಿದೆ:

"ಕಾಲು ಊದಿದೆಯಾ ಅಕ್ಕ?"

"ಹೌದು ತಂಗಿ. ನನ್ನ ಚಪ್ಪಲಿ ಹಿಡಿಸ್ತಿಲ್ಲ, ಯಜಮಾನ್ರದ್ದು ಹಾಕ್ಕೊಂಡು ತುಳೀತಿದೀನಿ."

"ಬಸುರಿಗೆ ಕಾಲು ಊದದೆ ಮೂಗು ಊದತ್ತಾ?" ಎಂದು ಅತ್ತೆ ಹಲ್ಲಿನಲ್ಲಿ ದಾರ ತುಂಡರಿಸಿದರು.

"ತಲೆನೋವು?"

"ಹೌದು."

"ಕಣ್ಮುಂದೆ ಚುಕ್ಕಿ ಬಂದಂಗೆ ಆಗತ್ತಾ?"

"ಅದೂ ಹೌದು. ಸೂಜಿಗೆ ದಾರ ಪೋಣಿಸೋಕೆ ಅತ್ತೇನೇ ಬರ್ಬೇಕು."

ಪ್ರಶ್ನೆ ಮುಗಿದಾಗ ಅವರು ಯಂತ್ರ ನಿಲ್ಲಿಸಿ, ನಗುತ್ತ ಕೇಳಿದರು: "ಎಲ್ಲಕ್ಕೂ ಹೌದು ಅಂದೆ. ಪಾಸಾ ನಾನು?"

ಹೋದ ವಾರ ಒಂದಕ್ಕೆ "ಇಲ್ಲ" ಎನ್ನಬೇಕಾಗಿ ಬಂದದ್ದು ಅವರಿಗೆ ಬೇಸರವಾಗಿತ್ತಂತೆ. ಹೌದು ಹೆಚ್ಚಾದಷ್ಟೂ ಅಂಕ ಹೆಚ್ಚು, ಅಂಕ ಸಾಕಷ್ಟಾದರೆ ತಮ್ಮ ಮನೆಗೂ ನರ್ಸ್ ಬರುತ್ತಾರೆ ಎಂದು ಅವರು ತಿಳಿದಿದ್ದರು.

4. ಯಂತ್ರ ನಿಂತಾಗ ಆ ಕೋಣೆಯಲ್ಲಿ ಉಂಟಾದ ಮೌನದ ಬಗ್ಗೆ ಕೈಪಿಡಿಯಲ್ಲಿ ಏನೂ ಇಲ್ಲ. ಮೌನಗಳನ್ನು ನಾನು ಅಷ್ಟಿಷ್ಟು ಬಲ್ಲೆ. ಹೇಳಲು ಏನೂ ಇಲ್ಲದ ಮೌನ ಹಗುರ. ಅದರಲ್ಲಿ ಇಡೀ ದಿನ ಕೂರಬಲ್ಲೆ. ಇದು ಹಾಗಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಮುಖಭಾವ ಬದಲಿಸದೆ ಎದ್ದು ಬಂದೆ. ಎದುರಿನ ಬಲಬದಿಯ ಮನೆಯಲ್ಲಿ ಸೊಸೆಯ ನಾದಿನಿ ಇದ್ದಾರೆ, ಅವರೂ ಗರ್ಭಿಣಿ. ನಾನು ಹೊಸಿಲು ದಾಟುವಾಗ ಹಿಂದಿನಿಂದ ಸೊಸೆಯ ದನಿಯಲ್ಲಿ ಕೇಳಿಸಿದ್ದು: "ಅವಳ ತೋಳಿಗೆ ಪಟ್ಟಿ ಕಟ್ಟಿ ಪುಸುಪುಸು ಗಾಳಿ ಹೊಡೀತಾರೆ. ಗಂಡಿನ ಕಡೆಯೋಳು ಅಂತ ಅವಳಿಗೆ ಉಪಚಾರ, ಹೆಣ್ಣಿನ ಕಡೆ ಅಂತ ನಂಗೆ ಬರೀ ಪ್ರಶ್ನೆ!"

5. ಕೂಡಲೇ ನರ್ಸ್ ಅವರನ್ನು ಬಲಬದಿಯಲ್ಲಿ ಕಂಡು, ಸದರಿ ಮನೆಗೆ ಒಮ್ಮೆ ಬಂದು ನೋಡುವಂತೆ ಕೇಳಿಕೊಂಡೆ. "ನಂದೇನೂ ಇಲ್ಲ ಕಣೆ, ಎಡಗಡೆ ಕಾಲಿಟ್ರೆ ಕೆಲಸ ಹೋಗತ್ತೆ" ಎಂದರು. ಮೇಲ್ವಿಚಾರಕರಿಗೆ ಫೋನ್ ಮಾಡಿದೆ. "ನೋಡಮ್ಮ, ಎರಡೂ ಕಡೆ ಒಂದೇ ಥರ ನೋಡ್ಕೊಂಡ್ರೆ, ಸಮಾನತೆ ಬಂತು ಅಂತ ಹೇಗಮ್ಮ ತೋರ್ಸೋದು? ವ್ಯತ್ಯಾಸ ಬೇಕಲ್ವಾ?" ಎಂದರು. ಈ ವಾದದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಆದಕಾರಣ ವಾದವನ್ನು ಇದ್ದಲ್ಲೇ ಬಿಟ್ಟು, ಮನೆಯನ್ನು ಮಾತ್ರ ಕದಲಿಸುವಂತೆ ಕೋರುತ್ತೇನೆ. ಎದುರುಮನೆಯ ಜಗುಲಿಯಲ್ಲಿ ಒಂದು ಹೊಲಿಗೆ ಯಂತ್ರ ಹಿಡಿಸುವಷ್ಟು ಜಾಗವಿದೆಯೆಂದು ನಾದಿನಿಯವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ.

6. (ಇಲ್ಲಿಂದ ಮುಂದೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬರೆಯಲಾಗಿದೆ. ಅಕ್ಷರ ಕೆಟ್ಟಿರುವುದಕ್ಕೆ ಕ್ಷಮೆಯಿರಲಿ.) ಮೇಲಿನ ಅಂಶವನ್ನು ಸದರಿ ಜಗುಲಿಯಲ್ಲಿ ಬರೆಯುತ್ತಿದ್ದಾಗ ಎದುರುಮನೆಯ ಯಂತ್ರದ ಸದ್ದು ಮತ್ತೆ ನಿಂತಿತು. ಅತ್ತೆಯವರು ಹೊರಗೆ ಬಂದು, "ಏ ಮಗಾ, ಇವಳಿಗೆ ಬಟ್ಟೆನೇ ಕಾಣಿಸ್ತಿಲ್ವಂತೆ!" ಎಂದರು. ಅರ್ಜಿಯ ಮೇಲೆ ಆದೇಶ ಬರುವವರೆಗೆ ಕಾಯುವುದು ಕ್ರಮ. ಕಾಯಲಿಲ್ಲ. ಒಳಗೆ ಹೋಗಿ, "ಅಕ್ಕ, ಇದು ಅಪಾಯ. ಈಗ್ಲೇ ಆಸ್ಪತ್ರೆಗೆ ಹೋಗೋಣ, ಏಳಿ" ಎಂದೆ. ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ ಆ ಮನೆಯಲ್ಲಿ ನಾನು ಆಡಿದ ಮೊದಲ ಮಾತು ಅದು.

7. ವೈದ್ಯರು ರಕ್ತದೊತ್ತಡ ನೋಡಿ, ಮತ್ತೊಮ್ಮೆ ನೋಡಿ, "ಇಲ್ಲೀವರೆಗೆ ಯಾರೂ ನೋಡ್ಲೇ ಇಲ್ವಾ?" ಎಂದು ಕೇಳಿದರು.

"ನೋಡ್ತಾರಲ್ಲ ಡಾಕ್ಟ್ರೇ," ಎಂದು ಅಕ್ಕ ನನ್ನತ್ತ ಕೈ ತೋರಿಸಿದರು. "ವಾರ ವಾರ ತಪ್ಪದೆ ಬಂದು ಕೇಳ್ಕೊಂಡು ಹೋಗ್ತಾಳೆ. ಪಾಪ, ತುಂಬಾ ಒಳ್ಳೆ ಹುಡುಗಿ."

ಉಲ್ಲೇಖ (1)ರ ಸೂಚನೆಯನ್ನು ಆ ಹೊತ್ತಿನಲ್ಲಿ ಪಾಲಿಸಲಾಗಲಿಲ್ಲವೆಂದು ವರದಿ ಮಾಡುತ್ತೇನೆ.

ಮಗುವಿನ ಎದೆಬಡಿತ ಇದೆ. ತಾಯಿಗೆ ಫಿಟ್ಸ್ ಬರದಂತೆ ಇಂಜೆಕ್ಷನ್ ಕೊಟ್ಟಿದ್ದಾರೆ. ನಾಳೆಯವರೆಗೆ ಏನೂ ಹೇಳಲಾಗದು ಎಂದಿದ್ದಾರೆ. ಅತ್ತೆಯವರು ನನ್ನ ಪಕ್ಕದಲ್ಲಿ ಕುಳಿತಿದ್ದಾರೆ. ಅರ್ಧ ಗುಂಡಿ ಹಚ್ಚಿದ ಅಂಗಿಯನ್ನು ಕೈಯಲ್ಲಿ ಹಿಡಿದೇ ಬಂದುಬಿಟ್ಟಿದ್ದಾರೆ.

8. ಈ ಕಾರಣಗಳಿಂದ ವರ್ಗಾವಣೆಯ ಕೋರಿಕೆಯನ್ನು ಹಿಂಪಡೆಯುತ್ತೇನೆ. ಸದ್ಯ ಆ ಮನೆಗೆ ಬೀಗ ಹಾಕಿದೆ. ಆದರೆ ಎಡಬದಿಯ ತುದಿಯಲ್ಲಿ, ಮನೆಮನೆಯ ಬಟ್ಟೆ ಒಗೆಯುವ ಇನ್ನೊಬ್ಬ ಗರ್ಭಿಣಿ ಇದ್ದಾರೆ. ಬೆರಳು ಊದಿ ಉಂಗುರ ಬಿಚ್ಚಲು ಬರುತ್ತಿಲ್ಲವೆಂದು ಹೋದ ವಾರ ಹೇಳಿದರು. ಸರಿಯಾದ ಚೌಕದಲ್ಲಿ ಗುರುತು ಹಾಕಿದ್ದೇನೆ. ನಾಳೆ ಅವರ ಸರದಿ. ನಾಳೆ ನಾನು ಮಾತಾಡುತ್ತೇನೆ. ಆದ್ದರಿಂದ ಎಡಬದಿಯು ಇನ್ನು ಮುಂದೆ ಹೋಲಿಕೆಗೆ ಒದಗುವುದಿಲ್ಲವೆಂದು ಮುಂಚಿತವಾಗಿ ತಿಳಿಯಪಡಿಸಲಾಗಿದೆ.

ಮುಂದಿನ ಆದೇಶಕ್ಕೆ ಕಾಯದೆ,
ತಮ್ಮ ವಿಶ್ವಾಸಿ,
ಸಂಶೋಧನಾ ಸಹಾಯಕಿ

ಲಗತ್ತುಗಳು:
(1) ಕೈಪಿಡಿ, ಹಿಂದಿರುಗಿಸಲಾಗಿದೆ.
(2) ಆಸ್ಪತ್ರೆಯ ದಾಖಲಾತಿ ಚೀಟಿಯ ಪ್ರತಿ. ಕರೆತಂದವರ ಸಂಬಂಧ ಎಂಬಲ್ಲಿ ಅತ್ತೆಯವರು "ತಂಗಿ" ಎಂದು ಬರೆಸಿದ್ದಾರೆ. ತಿದ್ದಿಲ್ಲ.

ಕೊನೆಯ ಕೋರಿಕೆ: ನರ್ಸ್ ಅವರಿಗೆ ರಸ್ತೆ ದಾಟಲು ಅನುಮತಿ ನೀಡಬೇಕು. ರಸ್ತೆ ಕಿರಿದು, ವಾಹನಗಳೂ ಹೆಚ್ಚು ಓಡಾಡುವುದಿಲ್ಲ.