ಯಾರೂ ಕರೆದುಕೊಂಡು ಹೋಗದವರ ಬಾಡಿಗೆ ಮನೆ

ನಮ್ಮ ಕೆಲಸದಲ್ಲಿ ನಗು ಬರುವುದು ನಗಬಾರದ ಜಾಗದಲ್ಲೇ. ಕಚೇರಿಯ ಕಿಟಕಿಯ ಮುಂದೆ, ಆಸ್ಪತ್ರೆಯ ಬೆಂಚಿನ ಮೇಲೆ, ಯಾರೋ ಕಣ್ಣು ಒರೆಸಿಕೊಳ್ಳುತ್ತಿರುವಾಗ. ಅಲ್ಲಿ ತಡೆದುಕೊಂಡು ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು, ಇದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳುತ್ತಾರೆ. ಅವರು ಹೇಳುವುದೂ ಸರಿಯೇ.

ತಲೆಯ ಕಾಯಿಲೆ ಎಂದು ಆಸ್ಪತ್ರೆ ಸೇರಿ, ವಾಸಿಯಾಗಿ, ಕರೆದುಕೊಂಡು ಹೋಗಲು ಯಾರೂ ಬಾರದೆ ವಾರ್ಡಿನಲ್ಲೇ ವರ್ಷಗಟ್ಟಲೆ ಉಳಿದುಬಿಡುವವರು ಇದ್ದಾರೆ. ಅಂಥವರಿಗಾಗಿ ನಮ್ಮ ಎರಡು ತಾಲ್ಲೂಕಿನ ಇಲಾಖೆಗಳು, ಒಂದು ಆಸ್ಪತ್ರೆ, ಒಂದು ಸೇವಾ ಸಂಸ್ಥೆ ಸೇರಿ ಒಂದು ಏರ್ಪಾಡು ಮಾಡಿಕೊಂಡಿವೆ. ಮಾಮೂಲಿ ಬೀದಿಯಲ್ಲಿ ಮಾಮೂಲಿ ಮನೆಯೊಂದನ್ನು ಬಾಡಿಗೆಗೆ ಹಿಡಿಯುವುದು, ನಾಲ್ಕು ಜನ ಅಲ್ಲಿ ಒಟ್ಟಿಗೆ ಬದುಕುವುದು, ಬೇಕಾದಾಗ ಜೊತೆಗೆ ನಿಲ್ಲಲು ಒಬ್ಬರು ಇರುವುದು. ಆ ಒಬ್ಬರು ನಾನು. ಹೆಂಗಸರ ಮನೆ ನಂಜನಗೂಡಿನಲ್ಲಿ, ಗಂಡಸರ ಮನೆ ತಿ. ನರಸೀಪುರದಲ್ಲಿ. ವಾರದಲ್ಲಿ ಅರ್ಧ ನನ್ನ ಬದುಕು ಬಸ್ಸಿನಲ್ಲೇ.

ಒಪ್ಪಿಕೊಂಡ ಮಾಲೀಕರು

ಮೊದಲು ಹುಡುಕಿದ್ದು ಹೆಂಗಸರಿಗೆ ಮನೆ. ಬಾಡಿಗೆಗೆ ಬರುವವರು ಯಾರು ಎಂದು ಮುಚ್ಚಿಡದೆ ಹೇಳಬೇಕೆಂದು ನಮ್ಮಲ್ಲಿ ತೀರ್ಮಾನವಾಗಿತ್ತು. ಹಾಗೆ ಹೇಳಿದ ಕೂಡಲೇ ಮೊದಲನೇ ಮಾಲೀಕರ ಮಗಳಿಗೆ ಗಂಡು ನೋಡುವುದು ಶುರುವಾಯಿತು. ಎರಡನೆಯವರಿಗೆ ಆ ಮನೆ ತಮ್ಮನಿಗೆ ಬೇಕೆಂಬುದು ನೆನಪಾಯಿತು. ಮೂರನೆಯವರು ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದರು, ಆಮೇಲೆ ಫೋನ್ ಎತ್ತಲಿಲ್ಲ. ನಾಲ್ಕನೆಯವರು ಗೇಟನ್ನೇ ತೆಗೆಯಲಿಲ್ಲ.

ಅತ್ತ ವಾರ್ಡಿನಲ್ಲಿ ನಾಲ್ವರು ಹೆಂಗಸರು ಸೀರೆ ಮಡಿಸಿ ಗಂಟು ಕಟ್ಟಿಟ್ಟುಕೊಂಡಿದ್ದರು. ನಾನು ಹೋದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ನಾಲ್ಕನೇ ಮನೆಯೂ ತಪ್ಪಿದ ದಿನ ಅವರಲ್ಲಿ ಒಬ್ಬಳು ಏನೂ ಕೇಳದೆ ತನ್ನ ಗಂಟು ಬಿಚ್ಚಿ ಸೀರೆಗಳನ್ನು ವಾಪಸ್ಸು ಬೀರುವಿನಲ್ಲಿ ಇಟ್ಟಳು. ಅವತ್ತು ಬಸ್ಸಿನಲ್ಲಿ ನನಗೆ ಅಳು ಬಂತು.

ಐದನೆಯವರು ವಯಸ್ಸಾದವರು, ಹಿಂದೆ ಲೈನ್‌ಮನ್ ಆಗಿದ್ದವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಯಾವಾಗ ಬರುತ್ತಾರೆ ಎಂದಷ್ಟೇ ಕೇಳಿದರು. ಇಷ್ಟು ಸಲೀಸಾಗಿ ಒಪ್ಪಿದ್ದು ಕಂಡು ನನಗೇ ಅನುಮಾನವಾಯಿತು. ಅವರಿಗೆ ಸರಿಯಾಗಿ ಅರ್ಥವಾಗಿಲ್ಲವೇನೋ ಎಂದು ಮತ್ತೊಮ್ಮೆ ಬಿಡಿಸಿ ಹೇಳಿದೆ. ಕಾಯಿಲೆ ಇದ್ದದ್ದು ನಿಜ, ಈಗಲೂ ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂದೆ.

ಅವರು ನಿಟ್ಟುಸಿರು ಬಿಟ್ಟರು. ಅದೇ ಮನೆಯಲ್ಲಿ ಎರಡು ವರ್ಷ ನಾಲ್ಕು ಜನ ಇಂಜಿನಿಯರುಗಳು ಇದ್ದರಂತೆ. ಮಹಡಿಯ ಮೇಲೆ ಬೆಂಕಿ ಹಾಕಿ ಕುರಿ ಸುಟ್ಟಿದ್ದರಂತೆ, ನೀರಿನ ಟ್ಯಾಂಕಿಗೆ ಇಳಿದು ಈಜಿದ್ದರಂತೆ.

"ನಿಮ್ಮೋರೇ ವಾಸಿ ಕಣಮ್ಮ," ಅಂದರು. "ಮಾತ್ರೆನಾದ್ರೂ ತಗೋತಾರೆ."

ಅಪ್ಪಣೆ

ತಿ. ನರಸೀಪುರದ ಮನೆಗೆ ಬಂದ ಗಂಡಸರಲ್ಲಿ ಒಬ್ಬರು ಬನ್ನೂರು ಕಡೆಯವರು, ಒಂದು ಕಾಲದಲ್ಲಿ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದವರು. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಹೇಳಲು ಊರವರು ಅವರನ್ನೇ ಕರೆಯುತ್ತಿದ್ದರಂತೆ. ಆಮೇಲೆ ಹದಿನಾಲ್ಕು ವರ್ಷ ವಾರ್ಡಿನಲ್ಲಿ ಕಳೆದರು. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಮಲಗುವುದಕ್ಕೆ ಗಂಟೆ. ಯಾವುದನ್ನೂ ತಾವೇ ತೀರ್ಮಾನ ಮಾಡಿದ್ದು ಅವರಿಗೆ ನೆನಪಿರಲಿಲ್ಲ.

ಮನೆಗೊಂದು ಫೋನು ಕೊಟ್ಟು, ಏನಾದರೂ ಬೇಕಾದರೆ ಕರೆಯಿರಿ ಎಂದು ನನ್ನ ನಂಬರು ಬರೆದಿಟ್ಟು ಬಂದಿದ್ದೆ. ಮರುದಿನದಿಂದ ಇವರ ಫೋನು ಶುರುವಾಯಿತು. ಕಾಫಿ ಕುಡಿಯಬಹುದೇ, ಕಿಟಕಿ ತೆಗೆಯಬಹುದೇ, ಬೀದಿ ಬಾಗಿಲಲ್ಲಿ ನಿಲ್ಲಬಹುದೇ. ಒಂದು ದಿನ ಸ್ನಾನ ಮಾಡಬಹುದೇ ಎಂದು ಕೇಳಿದರು. ಮಾಡಿ ಅಂದೆ. ಕಾಲು ಗಂಟೆಯಾದ ಮೇಲೆ ಮತ್ತೆ ಫೋನು, ಹಿಂದಿನಿಂದ ನಲ್ಲಿಯ ಸದ್ದು. ಇಷ್ಟು ನೀರು ಹುಯ್ದುಕೊಂಡರೆ ಸಾಕೇ ಎಂದು ಕೇಳುತ್ತಿದ್ದರು.

ಅವತ್ತು ನಾನು ಕೂತು ಫೋನಿನಲ್ಲೇ ನಿಧಾನವಾಗಿ ಹೇಳಿದೆ. ಇದು ವಾರ್ಡಲ್ಲ, ನಿಮ್ಮ ಮನೆ. ಮನೆಯಲ್ಲಿ ಯಾರೂ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಇನ್ನು ಮೇಲೆ ಯಾವುದಕ್ಕೂ ನನ್ನನ್ನು ಕೇಳಬೇಡಿ, ನಿಮಗೆ ತೋಚಿದಂತೆ ಮಾಡಿ ಅಂದೆ. ಅವರು, ಅರ್ಥವಾಯಿತು, ಇನ್ನು ಮೇಲೆ ಏನನ್ನೂ ಕೇಳುವುದಿಲ್ಲ ಅಂದರು. ನನಗೆ ಹಗುರವಾಯಿತು. ಆದರೆ ಲೈನು ಕಟ್ಟಾಗಲಿಲ್ಲ. ನಾನೂ ಕಾದೆ, ಅವರೂ ಕಾದರು.

"ಮೇಡಂ," ಅಂದರು ಕೊನೆಗೆ, ಸಣ್ಣ ದನಿಯಲ್ಲಿ. "ಫೋನು ಮಡಗ್ಲಾ?"

ತಪಾಸಣೆ

ನಂಜನಗೂಡಿನ ಮನೆಯಲ್ಲಿ ಅಡುಗೆಯ ಯಜಮಾನಿಕೆ ದೊಡ್ಡಕ್ಕನದು. ನಾಲ್ವರಲ್ಲಿ ಹಿರಿಯಳು ಅಂತ ಎಲ್ಲರೂ ಅವಳನ್ನು ಹಾಗೆ ಕರೆಯುತ್ತೇವೆ. ವಾರ್ಡಿನಲ್ಲಿ ಗಂಟು ಬಿಚ್ಚಿ ಸೀರೆಗಳನ್ನು ವಾಪಸ್ಸು ಇಟ್ಟವಳು ಅವಳೇ. ಮುಡುಕುತೊರೆ ಕಡೆಯ ಒಂದು ಹಳ್ಳಿಯವಳು. ಮಾತು ಕಡಿಮೆ.

ಮನೆ ಶುರುವಾಗಿ ಕೆಲವು ತಿಂಗಳಾದ ಮೇಲೆ ಏರ್ಪಾಡಿನ ಪಾಲುದಾರರೆಲ್ಲ ಸೇರಿ ನೋಡಲು ಬಂದರು. ಐದು ಜನ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೈಲು. ಈ ಮನೆ ಮುಂದುವರಿಯಬೇಕೋ ಬೇಡವೋ ಎಂದು ಬರೆಯುವವರು ಅವರೇ. ಹೆಂಗಸರು ಬೆಳಿಗ್ಗೆಯಿಂದ ನೆಲ ತೊಳೆದದ್ದೇ ತೊಳೆದದ್ದು. ಇವರು ಬೇಡವೆಂದು ಬರೆದರೆ ಮತ್ತೆ ವಾರ್ಡಿಗೆ ಹೋಗಬೇಕಾಗುತ್ತದೆಂದು ಅವರಿಗೆ ನಾನು ಹೇಳಿರಲಿಲ್ಲ, ಆದರೂ ಹೇಗೋ ಗೊತ್ತಾಗಿತ್ತು.

ಬಂದವರಲ್ಲಿ ಹಿರಿಯ ಅಧಿಕಾರಿ ಒಳ್ಳೆಯವರೇ. ಫಾರಂ ಭರ್ತಿ ಮಾಡುತ್ತಾ ಮಾಡುತ್ತಾ, ನಿವಾಸಿ ಮನೆಗೆ ಹಿಂತಿರುಗುವ ದಿನಾಂಕ ಎಂಬ ಕಾಲಮ್ಮಿಗೆ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕನನ್ನು, ಮನೆಗೆ ಯಾವಾಗ ಹೋಗುತ್ತೀರಮ್ಮ ಎಂದು ಕೇಳಿದರು.

ಅವಳು ತಬ್ಬಿಬ್ಬಾದಳು. ಆಮೇಲೆ ಯೋಚಿಸಿ ಹೇಳಿದಳು.

"ನಾನು ಮನೇಲೇ ಇವ್ನಿ ಸಾ. ನೀವು ಯಾವಾಗ ಓಯ್ತೀರಿ?"

ಫೈಲುಗಳ ಸದ್ದೆಲ್ಲ ಒಮ್ಮೆಲೇ ನಿಂತಿತು. ದೊಡ್ಡಕ್ಕ ಮಾತ್ರ ಅಲ್ಲೇ ನಿಂತು ಉತ್ತರಕ್ಕೆ ಕಾಯುತ್ತಿದ್ದಳು, ಅವಳ ಕೈಯಲ್ಲಿ ಅಕ್ಕಿ ಅಳೆಯುವ ಪಾವು ಇತ್ತು.

ಅಧಿಕಾರಿ ಅದನ್ನು ನೋಡಿದರು. ಊಟ ಮಾಡಿಕೊಂಡೇ ಹೋಗುತ್ತೇವೆ ಅಂದರು. ಐವರೂ ಉಂಡರು. ಆ ಕಾಲಮ್ಮು ಇವತ್ತಿಗೂ ಖಾಲಿ ಇದೆ.

ಕಂಪ್ಯೂಟರಿನಲ್ಲಿ

ರೇಷನ್ ಕಾರ್ಡು ಮಾಡಿಸಲು ಅದೇ ದೊಡ್ಡಕ್ಕನನ್ನು ಒಂದು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಗುಮಾಸ್ತರು ಅವಳ ಹೆಸರು, ಅಪ್ಪನ ಹೆಸರು, ಊರು ಎಲ್ಲ ಒತ್ತಿದರು. ಪರದೆ ನೋಡಿದರು. ಅವಳನ್ನು ನೋಡಿದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಈಯಮ್ಮ ತೀರಿಕೊಂಡು ಹನ್ನೊಂದು ವರ್ಷವಾಗಿದೆ ಅಂದರು.

ಅವರು ಎಷ್ಟು ಮೆಲ್ಲಗೆ ಹೇಳಿದರೂ ಅವಳಿಗೆ ಕೇಳಿಸಿತು. ತೀರಿಕೊಂಡ ಅಪ್ಪನ ಜಮೀನನ್ನು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಳ್ಳುವಾಗ ಅವಳ ಅಣ್ಣ ಹಾಗೆ ಬರೆಸಿದ್ದರು. ಆಸ್ಪತ್ರೆಗೆ ತಂದು ಸೇರಿಸಿದವರೂ ಅವರೇ. ಎರಡು ಸಲ ನೋಡಲು ಬಂದಿದ್ದರು. ಮೂರನೆಯ ಸಲಕ್ಕೆ ಅವಳು ಹನ್ನೊಂದು ವರ್ಷದಿಂದ ಕಾಯುತ್ತಿದ್ದಳು. ಹಬ್ಬ ಬಂದಾಗಲೆಲ್ಲ ವಾರ್ಡಿನ ಕಿಟಕಿಯ ಹತ್ತಿರ ತಲೆ ಬಾಚಿಕೊಂಡು ಕೂರುತ್ತಿದ್ದಳಂತೆ.

ಗುಮಾಸ್ತರಿಗೂ ಸಂಕಟವಾಗಿತ್ತು. ಕುರ್ಚಿ ಕೊಟ್ಟರು, ನೀರು ತರಿಸಿದರು. ಒಡಹುಟ್ಟಿದವರು ಬಂದು ಬದುಕಿದ್ದಾಳೆ ಎಂದು ಬರೆದುಕೊಟ್ಟರೆ ಸರಿಪಡಿಸಬಹುದು ಅಂದರು. ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು. ಏನಾಗಿ ಸತ್ತೆ ಎಂದು ಅದರಲ್ಲಿ ಬರೆದಿದೆಯೇ ಎಂದು ಕೇಳಿದಳು. ಅವರು ಹುಡುಕಿ ನೋಡಿ, ಜ್ವರ ಅಂದರು.

ಅವಳು ಸ್ವಲ್ಪ ಹೊತ್ತು ಸೂರು ನೋಡುತ್ತಾ ನೆನಪು ಮಾಡಿಕೊಂಡಳು. ಆಮೇಲೆ ಅಣ್ಣನ ಪರವಾಗಿ ಸಾಕ್ಷಿ ಹೇಳುವವಳ ಹಾಗೆ ತಲೆಯಾಡಿಸಿದಳು.

"ಆ ವರ್ಸ ಜ್ವರ ಬಂದಿದ್ದು ನಿಜ ಸಾ."

ಬಾಗಿಲು ಹಾಕಿಕೊಂಡ ಮನೆ

ಅಣ್ಣನಿಗೆ ಕಾಗದ ಬರೆದೆ, ಫೋನು ಮಾಡಿದೆ. ಉತ್ತರವಿಲ್ಲ. ಕೊನೆಗೆ ದೊಡ್ಡಕ್ಕ, ನಾನೇ ಹೋಗಿ ಕೇಳುತ್ತೇನೆ ಅಂದಳು. ನನಗೆ ಬಿಡುವಿದ್ದದ್ದು ಒಂದು ಸರ್ಕಾರಿ ರಜೆಯ ದಿನ. ಬೆಳಿಗ್ಗೆಯೇ ಹೊರಟೆವು. ತಿ. ನರಸೀಪುರದಲ್ಲಿ ಬಸ್ಸು ಬದಲಾಯಿಸುವಾಗ, ಜನ ಬಾಳೆ ಎಲೆ, ಹೂವು ಹಿಡಿದು ಓಡಾಡುವುದನ್ನು ನೋಡಿದ ಮೇಲೆ ನನಗೆ ಹೊಳೆಯಿತು, ಅವತ್ತು ಮಹಾಲಯ ಅಮಾವಾಸ್ಯೆ ಎಂದು. ಸತ್ತ ಹಿರಿಯರಿಗೆ ಎಡೆ ಇಡುವ ಹಬ್ಬ. ವಾಪಸ್ಸು ಹೋಗೋಣವೇ ಎಂದು ಕೇಳಿದೆ. ಅವಳು ಬೇಡ ಅಂದಳು. ದಾರಿಯುದ್ದಕ್ಕೂ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ನಮ್ಮ ಕಡೆ ಎಡೆ ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಒಳಗೆ ಹಿರಿಯರು ಬಂದು ಉಂಡು ಹೋಗಲಿ ಅಂತ. ನಾವು ಆ ಬೀದಿಗೆ ತಿರುಗಿದಾಗ ಅಣ್ಣ, ಅತ್ತಿಗೆ, ಅವರ ಮಗಳು, ಅಳಿಯ, ನಾಲ್ವರೂ ಹಾಕಿದ ಬಾಗಿಲ ಮುಂದೆ ಕೈಕಟ್ಟಿ ನಿಂತಿದ್ದರು.

ದೊಡ್ಡಕ್ಕ ಹೋಗಿ ಅವರೆದುರು ನಿಂತಳು.

ಸೋದರತ್ತೆ ತೀರಿಕೊಂಡಿದ್ದಾಳೆ ಎಂದು ಹೇಳಿಯೇ ಆ ಮಗಳ ಮದುವೆ ಮಾಡಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅಳಿಯ ಎರಡು ಹೆಜ್ಜೆ ಹಿಂದಕ್ಕೆ ಸರಿದು ತುಳಸಿ ಕಟ್ಟೆಗೆ ತಗುಲಿಕೊಂಡ. ಅಣ್ಣ ಬಾಯಿ ತೆರೆದವರು ತೆರೆದೇ ನಿಂತಿದ್ದರು. ಮೊದಲು ಅಲುಗಾಡಿದವರು ಅತ್ತಿಗೆ. ಬಾಗಿಲು ತಳ್ಳಿ, "ಒಳಕ್ ಬಾ" ಅಂದರು.

ಒಳಗೆ ಮೂರು ಎಡೆ. ಅಪ್ಪನ ಎಲೆಯ ಪಕ್ಕ ಒಂದು ಕಟ್ಟು ಬೀಡಿ, ಅವ್ವನ ಎಲೆಯ ಪಕ್ಕ ಎಲೆಅಡಿಕೆ. ಮೂರನೆಯದರ ಪಕ್ಕ ಗಿಳಿಹಸಿರು ಬಣ್ಣದ ಹೊಸ ಸೀರೆ. ಅದು ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಸತ್ತಳೆಂದು ಹೇಳಿದ ಮೇಲೆ ಎಡೆ ಇಡದಿದ್ದರೆ ಅನುಮಾನ ಬರುತ್ತದಲ್ಲ, ಪ್ರತಿ ವರ್ಷ ಇಡುತ್ತಾ ಬಂದಿದ್ದರು.

ದೊಡ್ಡಕ್ಕ ಅಪ್ಪ ಅವ್ವನ ಎಡೆಗೆ ಕೈಮುಗಿದಳು. ಆಮೇಲೆ ಸೀರೆಯನ್ನು ಪಕ್ಕಕ್ಕೆ ಸರಿಸಿ, ತನ್ನ ಎಲೆಯ ಮುಂದೆ ಕೂತು ಉಣ್ಣತೊಡಗಿದಳು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಎಲ್ಲವನ್ನೂ ಅವಸರವಿಲ್ಲದೆ. ಬದನೆಕಾಯಿ ಪಲ್ಯವನ್ನು ಮಾತ್ರ ಎಲೆಯ ಅಂಚಿಗೆ ತಳ್ಳಿದಳು. ಅಣ್ಣ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಆ ಮನೆಯಲ್ಲಿ ಅವರ ಅಳು, ಇವಳು ಉಣ್ಣುವ ಸದ್ದು, ಬೇರೇನೂ ಇರಲಿಲ್ಲ.

ಉಂಡು ಕೈ ತೊಳೆದ ಮೇಲೆ ಅಣ್ಣ ಅವಳ ಕಾಲಿಗೆ ಬೀಳಲು ಹೋದರು. ಅವಳು ಬಿಡಲಿಲ್ಲ. ಬರುವ ವಾರ ಕಚೇರಿಗೆ ಬಂದು ಬರೆದುಕೊಡುತ್ತೇನೆ ಅಂದರು. ಬಂದು ಬರೆದುಕೊಟ್ಟರು ಕೂಡ. ಅವತ್ತು ಅಲ್ಲೇ ಇದ್ದುಬಿಡು ಎಂದು ಕೇಳಿಕೊಂಡರು. ಅವಳು ಅಳಿಯನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ಮನೆಯಲ್ಲಿ ಇನ್ನೂ ಮೂರು ಜನ ಇದ್ದಾರೆ, ನಾನು ಹೋಗದಿದ್ದರೆ ಉಣ್ಣುವುದಿಲ್ಲ ಅಂದಳು. ಗಿಳಿಹಸಿರು ಸೀರೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಹೊಸಿಲು ದಾಟಿದವಳು ತಿರುಗಿ ನಿಂತು, ಇಷ್ಟು ವರ್ಷವೂ ಬದನೆಕಾಯಿಯನ್ನೇ ಇಡುತ್ತಿದ್ದೆಯಾ ಎಂದು ಅಣ್ಣನನ್ನು ಕೇಳಿದಳು. ಅವರು ಕಣ್ಣು ಒರೆಸಿಕೊಂಡು ಹೌದೆಂದು ತಲೆಯಾಡಿಸಿದರು.

"ನಂಗೆ ಬದ್ನೆಕಾಯಿ ತಿಂದ್ರೆ ಮೈಯೆಲ್ಲ ತುರ್ಸ್ತದೆ ಕಣಣ್ಣ," ಅಂದಳು. "ಅದ್ಕೇ ನಾನು ಒಂದ್ ವರ್ಸಾನೂ ಬರ್ಲಿಲ್ಲ."