ಆಯುಧಪೂಜೆಯೂ ಕೇಬಲ್ಲಿನ ಬಾಲವೂ

ಕಂಪ್ಯೂಟರ್ ವಿಷಯದಲ್ಲಿ ನನಗೆ ತಿಳಿಯದ್ದಿಲ್ಲ ಎಂಬ ಅಭಿಪ್ರಾಯ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿತ್ತು. ಹಬ್ಬಿಸಿದವನು ನಾನೇ. ಹಾಗಾಗಿ ಕನ್ನಡ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ನಮ್ಮ ಮನೆಗೆ ಬಂತು. ಟೈಪ್ ಮಾಡುವವಳು ಹೆಂಡತಿ ವಾರಿಜಾ, 'ತಾಂತ್ರಿಕ ಸಲಹೆ' ಎಂದು ಹೆಸರು ಹಾಕಿಸಿಕೊಳ್ಳುವವನು ನಾನು.

ಭಿವಂಡಿಯ ಗೋಡೌನಿನಿಂದ ಹಳೇ ಸರ್ವರ್ ಒಂದನ್ನು ತಂದಿದ್ದೆ. ಅದರ ಡಿಸ್ಕಿಗೆ ಸಾಮಾನ್ಯ ಕೇಬಲ್ ಆಗದು. ಎಲ್‌ವಿಡಿ ಎಂಬ ಅಗಲ ಪಟ್ಟಿಯ ಕೇಬಲ್ಲೇ ಬೇಕು. ಮೂರು ತಿಂಗಳು ಕೂತು ವಾರಿಜಾ ಅದರಲ್ಲೇ ಇನ್ನೂರು ಪುಟ ಟೈಪ್ ಮಾಡಿದಳು.

"ಒಂದು ಪ್ರತಿ ಸೀಡಿಯಲ್ಲಿ ಇಡುವನಾ?" ಎಂದು ಕೇಳಿದ್ದಳು.

"ಇದು ಸರ್ವರ್ ಮಾರಾಯ್ತಿ. ಬ್ಯಾಂಕಿನವರೇ ಇದನ್ನು ನಂಬ್ತಾರೆ," ಎಂದು ನಕ್ಕಿದ್ದೆ.

ಆಯುಧಪೂಜೆ ಬಂತು. ಯಂತ್ರವನ್ನು ಶುದ್ಧಗೊಳಿಸದೆ ಕುಂಕುಮ ಹಚ್ಚುವುದು ಶಾಸ್ತ್ರಸಮ್ಮತವಲ್ಲವೆಂದು ನಿರ್ಣಯಿಸಿ ಮುಚ್ಚಳ ಬಿಚ್ಚಿದೆ. ಕೇಬಲ್ಲಿನ ತುದಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ತುಂಡೊಂದು ಯಾವುದಕ್ಕೂ ಸಿಕ್ಕಿಸದೆ ನೇತಾಡುತ್ತಿತ್ತು. ಕೆಲಸವಿಲ್ಲದೆ ನೇತಾಡುವುದನ್ನು ಕಂಡರೆ ನನಗಾಗದು. ಕಿತ್ತೆ. ಸ್ಕ್ರೂಡ್ರೈವರ್, ಕತ್ತರಿಗಳ ಜೊತೆ ಅದನ್ನೂ ದೇವರ ಮಂಟಪದಲ್ಲಿಟ್ಟೆ.

ಮರುದಿನ ಪರದೆಯಲ್ಲಿ ಡಿಸ್ಕೇ ಕಾಣಿಸಲಿಲ್ಲ!

ವಾರಿಜಾ ಪರದೆ ನೋಡಿದಳು, ನನ್ನನ್ನು ನೋಡಿದಳು. "ಎಂತ ಮಾಡಿದ್ರಿ ನೀವು?"

"ಕೇಬಲ್ ಹಾಳಾಗಿದೆ," ಎಂದೆ, ಡಾಕ್ಟರ ಗಾಂಭೀರ್ಯದಲ್ಲಿ.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಶೆಟ್ರ ಫೋನು. "ಶನಿವಾರ ಪ್ರೆಸ್ಸಿಗೆ ಕೊಡ್ಬೇಕು. ಎಲ್ಲ ಆಯ್ತಲ್ಲ?"

"ಫೈನಲ್ ಟಚ್ ನಡೀತಾ ಉಂಟು ಶೆಟ್ರೇ," ಎಂದೆ.

ಕೇಬಲ್ ಹುಡುಕಿ ಠಾಣೆ ಪೇಟೆಯೆಲ್ಲ ಸುತ್ತಿದೆ. ಕೊನೆಗೆ ವಾಶಿಯಲ್ಲಿ ಹೊಸ ಕೇಬಲ್ ಸಿಕ್ಕಿತು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಹಸುಗೂಸಿನಂತೆ ಎದೆಗವಚಿಕೊಂಡು ತಂದೆ. ಹಾಕಿದೆ. ಡಿಸ್ಕ್ ಇಲ್ಲ. ತುದಿ ಬದಲಿಸಿ ಹಾಕಿದೆ. ಊಹೂಂ.

ವಾರಿಜಾ ಮಾತು ಬಿಟ್ಟಳು. ತೀರಿಹೋದ ತನ್ನ ಅಮ್ಮನ ಬಗ್ಗೆ ಸಂಚಿಕೆಯಲ್ಲಿ ಅವಳದೊಂದು ಲೇಖನವಿತ್ತು, ಜನ್ಮದಲ್ಲಿ ಬರೆದ ಮೊದಲ ಲೇಖನ. ಕಾಗದದಲ್ಲಿ ಬರೆಯದೆ ನೇರ ಟೈಪ್ ಮಾಡಿದ್ದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ದಿನಾ ಸ್ನಾನ ಮಾಡಿ ಮಂಟಪದೆದುರು ನಿಂತು, "ಆ ಡಿಸ್ಕೊಂದನ್ನು ತೋರಿಸಪ್ಪಾ ದೇವರೇ," ಎಂದು ಬೇಡಿದೆ.

ಶುಕ್ರವಾರ ಪಕ್ಕದ ಊರು ಕಲ್ಯಾಣದಿಂದ ರಿಪೇರಿಯವನನ್ನು ಕರೆತಂದೆ. ಅವನು ಒಳಗೆ ಇಣುಕಿ, "ಸಾಹೇಬ್, ಟರ್ಮಿನೇಟರ್ ಕಿಧರ್ ಹೈ?" ಎಂದ. ಟರ್ಮಿನೇಟರ್ ಎಂದರೆ ಕೇಬಲ್ಲಿನ ತುದಿಯಲ್ಲಿ ನೇತಾಡುವ ಆ ತುಂಡು, ಅದಿಲ್ಲದಿದ್ದರೆ ಡಿಸ್ಕ್ ಕಾಣುವುದೇ ಇಲ್ಲವಂತೆ.

ವಾರಿಜಾ ಎದ್ದುಹೋಗಿ ಮಂಟಪದ ಹೂವಿನಡಿಯಿಂದ ಅದನ್ನು ತಂದಳು. ಮೈತುಂಬ ಕುಂಕುಮ, ಮೇಲೊಂದು ಸೇವಂತಿಗೆ ಎಸಳು.

"ಇದಾ? ನೀವೇ ಇಟ್ಟದ್ದಲ್ವಾ, ಎಂತದೋ ಮುಖ್ಯದ್ದು ಅಂತ ದಿನಾ ಹೂ ಇಟ್ಟೆ."

ಐದು ದಿನ ನಾನು ಕೈಮುಗಿದು ನಿಂತದ್ದು ಅದರೆದುರೇ!

ರಿಪೇರಿಯವನು ಕುಂಕುಮ ಒರೆಸಿ ಸಿಕ್ಕಿಸಿದ. ಡಿಸ್ಕ್ ಬಂತು. ವಾರಿಜಾ ಅಮ್ಮನ ಬಗ್ಗೆ ಬರೆದ ಲೇಖನ ತೆರೆದು ಕಣ್ಣೊರೆಸಿಕೊಂಡಳು. ಎಲ್ಲವನ್ನೂ ಸೀಡಿಗೆ ಹಾಕಿದಳು. ಆಮೇಲೆ 'ತಾಂತ್ರಿಕ ಸಲಹೆ'ಯ ಮುಂದಿದ್ದ ನನ್ನ ಹೆಸರನ್ನು ಕಿತ್ತು, ಸಂಘದ ಪೂಜಾ ಸಮಿತಿಯ ಪಟ್ಟಿಗೆ ಸೇರಿಸಿದಳು. ಸಂಚಿಕೆಯಲ್ಲಿ ಈಗಲೂ ಅಲ್ಲೇ ಇದ್ದೇನೆ, ಪಟ್ಟಿಯ ತುದಿಯಲ್ಲಿ, ಯಾವ ಕೆಲಸವೂ ಇಲ್ಲದೆ ನೇತಾಡುತ್ತ.