ಹರಿಹರದ ಎದುರುಮನೆಯಲ್ಲಿ ನಾನು ಮಾಡಿದ ಭಾಷಣ

ಆಗ ೧೯೬೧ನೆಯ ಇಸವಿ. ನನಗೆ ನಲವತ್ತಮೂರು ವರ್ಷ. ದಾವಣಗೆರೆಯ ಶಾಲೆಯೊಂದರಲ್ಲಿ ಬಹುಕಾಲ ವ್ಯಾಕರಣ ಬೋಧಿಸಿ, ಬಳಿಕ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ್ದೆ. ಹಗಲೆಲ್ಲ ಪರರ ದೋಷಗಳನ್ನು ತಿದ್ದುತ್ತಿದ್ದ ನಾನು ಸಂಜೆಯಾದೊಡನೆ ಬ್ರಾಂದಿ ಸೇವಿಸುತ್ತಿದ್ದೆ. ಅಜೀರ್ಣಕ್ಕೆಂದು ಆರಂಭಿಸಿದ ಔಷಧ. ಅಜೀರ್ಣ ಎಂದೋ ಗುಣವಾಗಿತ್ತು. ಔಷಧ ಮಾತ್ರ ನಿಂತಿರಲಿಲ್ಲ!

ಈ ಸಂಗತಿ ಯಾರಿಗೂ ತಿಳಿಯದೆಂದು ನಾನು ದೃಢವಾಗಿ ನಂಬಿದ್ದೆ. ನನ್ನ ಪತ್ನಿ ಗಿರಿಜಮ್ಮ ಒಂದು ದಿನ ಆ ನಂಬಿಕೆಯನ್ನು ಮುರಿದಳು.

"ಬರೋ ಯುಗಾದಿ ತನಕ ನೋಡ್ತೀನ್ರಿ. ಬಿಟ್ರ ಸರಿ. ಇಲ್ಲಾಂದ್ರ ಮಕ್ಕಳನ್ನ ಕರ್ಕೊಂಡು ನಮ್ಮಣ್ಣನ ಮನಿಗೆ ಹೋಗ್ತೀನಿ. ಮತ್ತೆ ಕರೆಯಾಕ ಬರಬ್ಯಾಡ್ರಿ."

ಅವಳು ತಮಾಷೆಗೆ ಹೀಗೆ ಮಾತನಾಡುವವಳಲ್ಲ. ಹೆದರಿ, ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ಗೌಸ್ ಸಾಹೇಬರಲ್ಲಿ ಗುಟ್ಟಾಗಿ ತೋಡಿಕೊಂಡೆ. ಅವರು ಎರಡು ವರ್ಷದ ಹಿಂದೆ ಕುಡಿತ ಬಿಟ್ಟವರು.

"ಹರಿಹರದಾಗ ನಮ್ಮಂಥೋರದ್ದು ಒಂದು ಕೂಟ ಐತೆ ಮೇಷ್ಟ್ರೇ. ಭಾನುವಾರ ಕೂಡ್ತೀವಿ. ಬಿಟ್ಟೋರು, ಬಿಡಬೇಕು ಅನ್ನೋರು, ಎಲ್ರೂ ಅವರವರ ಕತೆ ಹೇಳ್ಕೊಂತಾರ. ಅಷ್ಟೇ."

"ಕೂಟಕ್ಕೆ ಫಲಕವಿದೆಯೇ?"

"ಬೋರ್ಡ್ ಹಾಕಿದ್ರ ಯಾರು ಬರ್ತಾರ್ರೀ? ಇಜ್ಜತ್ ಪ್ರಶ್ನೆ! ಹೊಳಿ ಕಡೆ ಹೋಗೋ ಬೀದಿಗೆ ಬರ್ರಿ. ಯಾವ ಮನಿ ಮುಂದ ರಾಶಿ ಚಪ್ಪಲಿ ಬಿದ್ದಿರ್ತಾವೋ, ಅದೇ."

ಒಟ್ಟಿಗೆ ಹೋದರೆ ಊರಿಗೆ ಅನುಮಾನ ಬಂದೀತೆಂದು ಭಾನುವಾರ ಅವರು ಮೊದಲ ಬಸ್ಸು ಹಿಡಿದರು, ನಾನು ಅದರ ನಂತರದ್ದು. ಕತೆ ಹೇಳಬೇಕೆಂದರೆ ಸಿದ್ಧತೆ ಬೇಡವೇ? ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಗಳುಳ್ಳ ಭಾಷಣವೊಂದನ್ನು ರಚಿಸಿದ್ದೆ. ಬಸ್ಸು ನಡುದಾರಿಯ ಬಾತಿ ಊರು ದಾಟುವಷ್ಟರಲ್ಲಿ ಅದು ಬಾಯಿಪಾಠವಾಗಿತ್ತು.

ಬೀದಿಗೆ ಕಾಲಿಟ್ಟೊಡನೆ ಚಪ್ಪಲಿಯ ರಾಶಿ ಕಂಡಿತು. ಒಳಗೆ ಜಮಖಾನೆಯ ಮೇಲೆ ಹತ್ತಾರು ಗಂಡಸರು. ರುಮಾಲು ಸುತ್ತಿದ ಯಜಮಾನರೊಬ್ಬರು ಧಾವಿಸಿ ಬಂದರು.

"ಬರ್ರಿ, ಬರ್ರಿ! ದಾವಣಗೆರೆಯಿಂದ ಬಂದ್ರೇನು?"

"ಹೌದು."

"ನಿಮ್ಮ ಹಾದೀನೇ ಕಾಯ್ತಿದ್ವಿ. ಉಳಿದೋರು?"

"ಮುಂಚೆಯೇ ಹೊರಟರು," ಎಂದೆ, ಗೌಸ್ ಸಾಹೇಬರನ್ನು ಮನಸ್ಸಿನಲ್ಲಿಟ್ಟುಕೊಂಡು.

ಕಾಲಿಗೆ ನೀರು ಕೊಟ್ಟರು. ಉಪ್ಪಿಟ್ಟು ಬಂತು. ಅದರ ಮೇಲೆ ಕೇಸರಿಬಾತು! ಕುಡುಕರಿಗೆ ಇಷ್ಟೊಂದು ಮರ್ಯಾದೆ ಸಿಗುವುದೆಂದು ಮೊದಲೇ ಗೊತ್ತಿದ್ದರೆ ಎಂದೋ ಬರುತ್ತಿದ್ದೆ. ಒಳಬಾಗಿಲಿನಲ್ಲಿ ಬಳೆಗಳ ಸದ್ದು ಕೇಳಿಸಿತು. ಸದಸ್ಯರ ಪತ್ನಿಯರಿರಬೇಕು, ಪಾಪ, ಎಂದುಕೊಂಡೆ.

ಯಜಮಾನರು ನನ್ನ ಎದುರಿಗೆ ಕುಳಿತರು. "ಮುಚ್ಚುಮರೆ ಬ್ಯಾಡ್ರಿ. ಚಟ ಗಿಟ ಏನಾರ ಇದ್ರ ಈಗ್ಲೇ ಹೇಳಿಬಿಡ್ರಿ."

ನಾನು ಎದ್ದು ನಿಂತೆ. "ಮಾನ್ಯರೇ! ಕಳೆದ ಹನ್ನೆರಡು ವರ್ಷಗಳಿಂದ ನಾನು ಅವಿಚ್ಛಿನ್ನವಾಗಿ ಮದ್ಯಪಾನ ಮಾಡುತ್ತಿದ್ದೇನೆ!"

ಎಲ್ಲರ ತಲೆಗಳೂ ನನ್ನತ್ತ ತಿರುಗಿದವು. ಪೀಠಿಕೆಯೇ ಇಷ್ಟು ಪರಿಣಾಮ ಬೀರಿತಲ್ಲ ಎಂದು ನಾನು ಹಿಗ್ಗಿದೆ.

"ಮನಿಯಾಗ ಎಲ್ರೂ ಹಂಗೇನು?" ಯಜಮಾನರು ಕೇಳಿದರು.

"ಇಲ್ಲ. ಸದ್ಯಕ್ಕೆ ನಾನೊಬ್ಬನೇ."

"ಮತ್ತ ಹುಡುಗ?"

"ಅವನಿಗೆ ಇನ್ನೂ ಎಂಟು ವರ್ಷ."

"ಎಂಟಾ! ನಮ್ಮ ಹುಡುಗಿಗೆ ಹತ್ತೊಂಬತ್ತ್ರೀ!"

"ಅಯ್ಯೋ! ಆಕೆಯೂ ಕುಡಿಯುತ್ತಾಳೆಯೇ?"

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಯಜಮಾನರು ರುಮಾಲು ಕಿತ್ತು ಕೈಯಲ್ಲಿ ಹಿಡಿದರು. ಅದೇ ಗಳಿಗೆಯಲ್ಲಿ ಜರಿ ಅಂಚಿನ ಪಂಚೆಯುಟ್ಟ ಐದಾರು ಮಂದಿ ಬಾಗಿಲಲ್ಲಿ ಬಂದು ಅಳುಕುತ್ತ ನಿಂತರು. ಹೊಸಬರ ಸಂಕೋಚವನ್ನು ನನ್ನಷ್ಟು ಬಲ್ಲವರಾರು?

"ಬನ್ನಿ, ನಾಚಿಕೊಳ್ಳಬೇಡಿ!" ಎಂದು ಕೂಗಿದೆ. "ಇಲ್ಲಿರುವವರೆಲ್ಲರೂ ಕುಡುಕರೇ!"

ಬಂದವರು ವರನ ಕಡೆಯವರು. ಅದು ಹೆಣ್ಣು ನೋಡುವ ಶಾಸ್ತ್ರ. ನಾನು ಅಷ್ಟು ಹೊತ್ತೂ ಅವರ ಪಾಲಿಗೆ ವರನ ಕಡೆಯ ಹಿರಿಯನಾಗಿದ್ದೆ!

ಗದ್ದಲ ಕೇಳಿ ಎದುರುಮನೆಯಿಂದ ಗೌಸ್ ಸಾಹೇಬರು ಓಡಿ ಬಂದರು. "ಯಾ ಅಲ್ಲಾ! ಮೇಷ್ಟ್ರೇ, ಈ ಮನಿ ಅಲ್ರೀ! ಆ ಮನಿ!" ಅಲ್ಲಿಯೂ ಅಷ್ಟೇ ದೊಡ್ಡ ಚಪ್ಪಲಿ ರಾಶಿಯಿತ್ತು. ಕುಡಿತ ಬಿಡಲು ಬಂದವರು ಮನೆ ತಪ್ಪಿದರೆಂದು ಅವರು ಎಲ್ಲರಿಗೂ ಕೈಮುಗಿದು ಹೇಳಿ ನನ್ನನ್ನು ಹೊರಗೆಳೆದರು.

"ನಾನು ಬಸ್ ನಿಲ್ದಾಣಕ್ಕೆ ಹೋಗುತ್ತೇನೆ," ಎಂದೆ.

"ಅಲ್ಲೇ ಬಾಜೂಕ ಏನ್ ಸಿಗ್ತೈತೆ ಅಂತ ನಂಗೂ ಗೊತ್ತೈತೆ," ಎಂದು ಅವರು ನನ್ನ ತೋಳು ಬಿಡಲಿಲ್ಲ. "ಇವತ್ತು ಹೋದ್ರ ನೀವು ಮತ್ತ ಬರಾಕಿಲ್ಲ. ಒಳಗ ನಡೀರಿ."

ಆ ಮನೆಯಲ್ಲಿ ಕೇಸರಿಬಾತು ಇರಲಿಲ್ಲ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ನನ್ನ ಸರದಿ ಬಂದಾಗ ಭಾಷಣ ಪೂರ್ತಿ ಮರೆತುಹೋಗಿತ್ತು. ಎದುರುಮನೆಯಲ್ಲಿ ನಡೆದದ್ದನ್ನೇ ನಡೆದಂತೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕದ್ದು ಅಳುವಾದದ್ದು ಯಾವಾಗ ಎಂಬುದು ತಿಳಿಯಲಿಲ್ಲ. ಅಲ್ಲಿ ಯಾರೂ ಬೆರಗಾಗಲಿಲ್ಲ. ಚಹಾ ಮುಂದೆ ಸರಿಸಿದರು.

ವರನ ಕಡೆಯವರು ದಾವಣಗೆರೆಯವರು! ಮರುದಿನವೇ ನನ್ನ ಭಾಷಣ ಊರೆಲ್ಲ ಪ್ರಚಾರವಾಯಿತು. ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ: "ಬಿಡ್ತೀರಂತಲ್ಲ ಮೇಷ್ಟ್ರೇ?" ಬ್ರಾಂದಿ ತಂದುಕೊಡುತ್ತಿದ್ದವನೇ ಹೇಳಿಬಿಟ್ಟ: "ನಿಮಗೆ ಕೊಟ್ರ ಊರಿನ ಜನ ನನ್ನ ಒದೀತಾರ." ಕದ್ದು ಕುಡಿಯಲು ಗುಟ್ಟೇ ಉಳಿದಿರಲಿಲ್ಲ. ಮೊದಮೊದಲು ಕೈ ನಡುಗಿತು, ನಿದ್ರೆ ಬರಲಿಲ್ಲ. ಆದರೂ ಪ್ರತಿ ಭಾನುವಾರ ಹರಿಹರಕ್ಕೆ ಹೋದೆ. ಗೆದ್ದೆ! ಆ ಸಂಬಂಧವೂ ಕುದುರಿತಂತೆ.

ಯುಗಾದಿ ಇನ್ನೂ ಮುಂದಿತ್ತು. ಒಂದು ಭಾನುವಾರ ನನ್ನನ್ನು ಕರೆದೊಯ್ಯಲು ಬಂದ ಗೌಸ್ ಸಾಹೇಬರಿಗೆ ಗಿರಿಜಮ್ಮ ಬಾಗಿಲಲ್ಲೇ ಹೇಳಿದಳು:

"ಗೌಸಣ್ಣ, ನಾನು ಎಲ್ಲಿಗೂ ಹೋಗಾಕಿಲ್ಲ. ಇವರು ಕುಡಿಯೋದು ಬಿಟ್ಟಿದ್ದು ಖರೇನೇ."

ನಾನು ಎದೆಯುಬ್ಬಿಸಿ ನಿಂತೆ.

"ಆದ್ರ ಬಿಟ್ಟ ಕತೀನ ಹಾಲಿನವಂಗೂ ಹೇಳ್ತಾರ, ಅಗಸರೋನಿಗೂ ಹೇಳ್ತಾರ. ಹೂವಿನಾಕಿ ಈ ಬೀದಿಗೆ ಬರೋದೇ ಬಿಟ್ಲು! ಇದನ್ನ ಬಿಡಿಸಾಕ ಹರಿಹರದಾಗ ಬ್ಯಾರೆ ಯಾವುದಾರ ಕೂಟ ಐತೇನಣ್ಣ?"

ಗೌಸ್ ಸಾಹೇಬರು ಬೆರಳು ಮಡಚಿ ಹರಿಹರದ ಕೂಟಗಳನ್ನೆಲ್ಲ ಎಣಿಸಿದರು.

"ಇಲ್ಲಕ್ಕ. ಇದಕ್ಕ ಎಲ್ಲೂ ಇಲ್ಲ."

ಹೀಗೆ, ನನ್ನ ಒಂದು ಚಟ ವಾಸಿಯಾಯಿತೆಂದೂ ಇನ್ನೊಂದು ವಾಸಿಯಾಗತಕ್ಕದ್ದಲ್ಲವೆಂದೂ ಅಂತಿಮವಾಗಿ ತೀರ್ಮಾನವಾದದ್ದು ೧೯೬೨ನೆಯ ಇಸವಿ ಮಾರ್ಚ್ ತಿಂಗಳ ನಾಲ್ಕನೆಯ ತಾರೀಖು.